ಆಶ್ರಯ ಬೀಜದ ಡಂಗುರ

ಚಂದ್ರಾಮಪ್ಪ ತೀರಿಕೊಂಡದ್ದು ಬೆಳಗಿನ ಹೊತ್ತು. ಊರಿಗೆ ಗೊತ್ತಾಗಲು ಮಧ್ಯಾಹ್ನವಾಯಿತು. ಮೂವತ್ತೆರಡು ವರ್ಷ ಈ ಊರಿಗೆ ಸುದ್ದಿ ಮುಟ್ಟಿಸಿದವನು ಅವನು. ಪೋಲಿಯೋ ಹನಿ, ಕಂದಾಯದ ಕೊನೆಯ ದಿನ, ಕಾಲುವೆಗೆ ನೀರು ಬಿಡುವ ತಾರೀಖು, ಕಳೆದುಹೋದ ಎಮ್ಮೆ, ಎಲ್ಲವೂ ಅವನ ಬಾಯಿಂದಲೇ ನಮ್ಮ ಕಿವಿಗೆ ಬಿದ್ದದ್ದು. ಅವನ ಸುದ್ದಿ ಸಾರುವವರು ಮಾತ್ರ ಯಾರೂ ಇರಲಿಲ್ಲ. ಪಂಚಾಯತಿಯ ಮೈಕಿನ ಆಟೋ ಅವತ್ತು ಬೀದಿನಾಯಿಗಳಿಗೆ ಚುಚ್ಚುಮದ್ದು ಹಾಕಿಸುವ ವಿಷಯ ಹೇಳಿಕೊಂಡು ತಿರುಗುತ್ತಿತ್ತು.

ದೊಡ್ಡವರು ಸತ್ತರೆ ಪೇಪರಿನವರು ಬರೆಯುತ್ತಾರೆ. ಡಂಗುರ ಸಾರುವವನ ಬಗ್ಗೆ ಯಾರು ಬರೆಯಬೇಕು? ನಾನೇ ಬರೆಯಬೇಕು. ನನಗೆ ಆ ಯೋಗ್ಯತೆ ಇದೆ ಎಂದಲ್ಲ. ಅವನ ಹೆಸರಿಗೆ ಮಸಿ ಹತ್ತಿದ್ದು ನನ್ನ ಕೈಯಿಂದ, ಅದಕ್ಕೆ. ನಾನು ಸಂಗಣ್ಣ, ಇದೇ ಊರಿನ ಪಂಚಾಯತಿಯಲ್ಲಿ ಬಿಲ್ ಕಲೆಕ್ಟರ್ ಆಗಿದ್ದವನು. ಈಗ ರಿಟೈರಾಗಿ ಕಟ್ಟೆಯ ಮೇಲೆ ಕೂತು ಊರಿನವರಿಗೆ ಬುದ್ಧಿ ಹೇಳುತ್ತೇನೆ. ಕೇಳುವವರು ಕಡಿಮೆ, ಅದು ಊರಿನ ಪುಣ್ಯ.

ನಮ್ಮದು ಶಹಾಪುರ ತಾಲೂಕು. ದೋರನಹಳ್ಳಿ ದಾಟಿ ಕಾಲುವೆಯ ಗುಂಟ ಹೋದರೆ ಬರುವ ಕರಿಮಣ್ಣಿನ ಊರು. ಕಾಲುವೆ ತೋಡಿದ ಮೇಲೂ ಎಷ್ಟೋ ವರ್ಷ ನೀರು ಬರಲಿಲ್ಲ. ಹುಡುಗರು ಅದರೊಳಗೆ ಕಬಡ್ಡಿ ಆಡುತ್ತಿದ್ದರು, ಹೆಂಗಸರು ಹುಲ್ಲು ಕೊಯ್ಯುತ್ತಿದ್ದರು. ಹಾಗಿರುವಾಗ ಒಂದು ಸಂಜೆ ಚಂದ್ರಾಮಪ್ಪ ಹಲಗೆ ಬಡಿಯುತ್ತ ಬಂದು, "ಕೇಳ್ರೆಪ್ಪೋ ಕೇಳ್ರಿ, ನಾಳಿ ಮುಂಜಾನಿ ಕಾಲುವಿಗೆ ನೀರು ಬಿಡ್ತಾರ, ದನಾ ಕರಾ ಇಳಸಬ್ಯಾಡ್ರೆಪ್ಪೋ" ಎಂದು ಸಾರಿದ. ಗೌಡರು ಅಂಗಳದಲ್ಲಿ ಕೂತಿದ್ದರು. "ಏ ಚಂದ್ರಾಮ, ಇವತ್ತ ಸಿಂಧಿ ಜಾಸ್ತಿ ಆಗ್ಯದೇನೋ?" ಎಂದು ನಕ್ಕರು. ಮರುದಿನ ನೀರು ಬಂತು. ಗೌಡರ ಎರಡು ಎಮ್ಮೆ ಅದರ ಜೊತೆಗೇ ಹೋದವು. ಅವತ್ತಿನಿಂದ ಅವನು ಸಾರಿದ ಮಾತು ನಿಜವೇ ಎಂದು ಊರಿನಲ್ಲಿ ಯಾರೂ ಎರಡನೇ ಸಲ ಕೇಳಲಿಲ್ಲ.

ಅವನ ಕೆಲಸಕ್ಕೆ ಒಂದು ರೀತಿ ಇತ್ತು. ಓದು ಬರಹ ಬಾರದು. ಪಂಚಾಯತಿಗೆ ಕಾಗದ ಬಂದರೆ ನಾನು ಓದಬೇಕು. ಒಂದು ಸಲ ಓದಿದಾಗ ಸುಮ್ಮನೆ ಕೇಳುತ್ತಿದ್ದ. ಎರಡನೇ ಸಲ ಓದಿದಾಗ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಆಮೇಲೆ ಇಡೀ ಮಾತನ್ನು ತನ್ನ ಭಾಷೆಯಲ್ಲಿ ನನಗೇ ತಿರುಗಿ ಒಪ್ಪಿಸಿ, "ಇಷ್ಟ ಹೌದಲ್ರಿ?" ಎಂದು ಕೇಳುತ್ತಿದ್ದ. ನಾನು ಹೌದು ಎಂದರೆ ಮಾತ್ರ ಹಲಗೆ ಹೆಗಲಿಗೆ ಏರುತ್ತಿತ್ತು. ತನ್ನದೊಂದು ಮಾತು ಸೇರಿಸಬಾರದು, ಕಾಗದದ್ದೊಂದು ಮಾತು ಬಿಡಬಾರದು ಎನ್ನುವುದು ಅವನ ನೇಮ. ಊರಬಾಗಿಲ ಅಗಸೆಯಲ್ಲಿ ಒಮ್ಮೆ, ಹಣಮಂತ ದೇವರ ಕಟ್ಟೆಯಲ್ಲಿ ಒಮ್ಮೆ, ಮಸೀದಿಯ ಮುಂದೆ ಒಮ್ಮೆ, ತನ್ನ ಕೇರಿಯಲ್ಲಿ ಒಮ್ಮೆ, ಕೊನೆಗೆ ಗಾಯರಾಣದ, ಅಂದರೆ ಸರಕಾರಿ ದನಗಾವಲಿನ, ಕಡೆ ಒಮ್ಮೆ. ಪ್ರತಿ ಸಲವೂ ಕೊನೆಯಲ್ಲಿ ಇದು ಯಾರ ಹುಕುಂ ಎಂದು ಹೇಳಿಯೇ ಮುಂದೆ ಹೋಗುತ್ತಿದ್ದ.

ನನಗಿಂತ ಹದಿನೈದು ವರ್ಷ ದೊಡ್ಡವನು. ಅವನು ನನಗೆ "ಸಂಗಣ್ಣೋರ, ಬರ್ರಿ, ಕೂಡ್ರಿ" ಎನ್ನುತ್ತಿದ್ದ. ನಾನು ಅವನಿಗೆ "ಏ ಚಂದ್ರಾಮ, ಬಾ ಇಲ್ಲಿ" ಎನ್ನುತ್ತಿದ್ದೆ. ನಮ್ಮ ಓಣಿಯ ಐದು ವರ್ಷದ ಕೂಸೂ ಹಾಗೆಯೇ ಕರೆಯುತ್ತಿತ್ತು. ಇದನ್ನು ಬರೆಯದೆ ಮುಂದೆ ಹೋದರೆ ಬರೆದದ್ದೆಲ್ಲ ಸುಳ್ಳಾಗುತ್ತದೆ.

ಅವನ ಕೇರಿಯ ಹುಡುಗರು ಬೌದ್ಧರಾದಾಗ ಅವನೂ ಆದ. ಮನೆಯಲ್ಲಿ ಬಾಬಾಸಾಹೇಬರ ಫೋಟೋ ಹಾಕಿದ. ಹಲಗೆ ಬಿಡಬೇಕು ಎಂದು ಹುಡುಗರು ಹಟ ಹಿಡಿದರು. ಅವನು ಅರ್ಧ ಒಪ್ಪಿದ. ಹೆಣದ ಮುಂದೆ ಬಡಿಯುವುದು ಬಿಟ್ಟ, ದೇವಿಯ ಮುಂದೆ ಬಡಿಯುವುದು ಬಿಟ್ಟ. ಸರಕಾರದ ಡಂಗುರ ಬಿಡಲಿಲ್ಲ. "ಸರಕಾರ ಅಂದ್ರ ಏನಂತ ತಿಳದೀರಿ? ಬಾಬಾಸಾಹೇಬ್ರು ಬರದ ಕಾಗದ ಅದು. ಅದನ್ನ ಊರಿಗೆ ಮುಟ್ಟಸೋದು ನೌಕರಿ, ಬಿಟ್ಟಿ ಅಲ್ಲ" ಎಂದು ಅವರಿಗೆ ಜಬರಿಸಿದ್ದ. ಆ ನೌಕರಿಗೆ ಸಂಬಳ ಇರಲಿಲ್ಲ. ಸುಗ್ಗಿಯಲ್ಲಿ ಮನೆಗೊಂದು ಮೊರ ಜೋಳ ಕೊಡುತ್ತಿದ್ದರು, ಅಷ್ಟೇ. ಆದರೂ ತಾನು ಸರಕಾರದ ಮನುಷ್ಯ ಎನ್ನುವುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ಹೊಸ ಹತ್ತಿ ಬೀಜ ನಮ್ಮ ಕಡೆ ಬಂದದ್ದು ಎರಡು ಸಾವಿರದ ನಾಲ್ಕರ ಸುಮಾರಿಗೆ. ಕಾಯಿಕೊರಕ ಹುಳ ಈ ಗಿಡ ತಿಂದರೆ ತಾನೇ ಸಾಯುತ್ತದೆ, ಕೀಟನಾಶಕದ ಎಣ್ಣೆ ಹೊಡೆಯುವ ಕೆಲಸವಿಲ್ಲ ಎಂದು ಜೀಪಿನಲ್ಲಿ ಬಂದವರು ಹೇಳಿಹೋದರು. ಅದಕ್ಕೆ ಬಿಟಿ ಎಂದು ಹೆಸರು. "ಬಿಟಿ ಅಂದ್ರ ಬಿಟ್ಟಿ ಏನ್ರಿ?" ಎಂದು ಕೇಳಿದವರೂ ಇದ್ದರು. ಬಿಟ್ಟಿ ಏನಿರಲಿಲ್ಲ, ಅಂಗಡಿಯಲ್ಲಿ ಪಾಕೀಟಿನ ಬೆಲೆ ಕೇಳಿ ಎಲ್ಲರಿಗೂ ತಿಳಿಯಿತು. ಒಂದು ಮಾತ್ರ ಬಿಟ್ಟಿ. ದೊಡ್ಡ ಪಾಕೀಟಿನ ಜೊತೆಗೆ ಒಂದು ಸಣ್ಣ ಪಾಕೀಟು ಬರುತ್ತಿತ್ತು. ಮೇಲೆ ಇಂಗ್ಲಿಷಿನಲ್ಲಿ ಏನೋ ಎರಡು ಪದ. ಅದು ಯಾತಕ್ಕೆ ಎಂದು ಅಂಗಡಿಯವನಿಗೂ ಗೊತ್ತಿರಲಿಲ್ಲ.

ಆ ಜೂನಿನಲ್ಲಿ ಮೇಲಿನ ಆಫೀಸಿನಿಂದ ಪಂಚಾಯತಿಗೆ ಒಂದು ಕಾಗದ ಬಂತು. ಅದರ ಅಕ್ಷರ ಅಕ್ಷರವೂ ನನಗೆ ಈಗಲೂ ಬಾಯಿಪಾಠ. "ಹೊಸ ತಳಿಯ ಹತ್ತಿ ಬೀಜದೊಂದಿಗೆ ನೀಡಲಾಗುವ ಸಣ್ಣ ಪೊಟ್ಟಣದ ಬೀಜವನ್ನು ಆಶ್ರಯಕ್ಕಾಗಿ ತಪ್ಪದೇ ಬಳಸತಕ್ಕದ್ದು. ಈ ಬಗ್ಗೆ ಡಂಗುರದ ಮೂಲಕ ವ್ಯಾಪಕ ಪ್ರಚಾರ ಪಡಿಸುವುದು." ಕೆಳಗೆ ಒಂದು ಸಹಿ, ಒಂದು ಠಸ್ಸೆ. ಮತ್ತೇನೂ ಇಲ್ಲ.

ಸೆಕ್ರೆಟರಿ ರಜೆಯ ಮೇಲಿದ್ದರು. ನಾನು ಎರಡು ಸಲ ಓದಿದೆ. ಚಂದ್ರಾಮಪ್ಪ ಕಣ್ಣು ತೆರೆದು, "ಆಶ್ರಯಕ್ಕಾಗಿ ಅಂದ್ರ ಏನ್ರಿ ಸಂಗಣ್ಣೋರ?" ಎಂದು ಕೇಳಿದ.

ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಂದು ಮಾತು ಹೇಳಿದ್ದರೆ ಆಗಿತ್ತು. ಆದರೆ ಕುರ್ಚಿಯ ಮೇಲೆ ಕೂತವನು ನೆಲದ ಮೇಲೆ ಕೂತವನಿಗೆ ಗೊತ್ತಿಲ್ಲ ಎಂದು ಹೇಳುವುದು ನಮ್ಮ ಕಡೆ ರೂಢಿಯಲ್ಲಿಲ್ಲ. ಊರ ಹೊರಗೆ ಗಾಯರಾಣದಲ್ಲಿ ಮನೆ ಇಲ್ಲದವರಿಗೆ ಸರಕಾರ ಆಶ್ರಯ ಮನೆ ಕಟ್ಟಿಸಿಕೊಟ್ಟಿತ್ತು. ನಲವತ್ತು ಮನೆ, ಎಲ್ಲರೂ ಕೂಲಿಯವರು. ನಮಗೆ ಗೊತ್ತಿದ್ದ ಆಶ್ರಯ ಅದೊಂದೇ.

"ಇಷ್ಟೂ ತಿಳೀವಲ್ದೇನೋ?" ಎಂದೆ. "ದೊಡ್ಡ ಪಾಕೀಟ ರೈತರಿಗೆ, ಸಣ್ಣ ಪಾಕೀಟ ಆಶ್ರಯದ ಬಡವರಿಗೆ. ಸರಕಾರ ಹೊಸಾ ಸ್ಕೀಮ್ ಮಾಡ್ಯದ."

"ಕಾಗದದಾಗ ಹಂಗ ಬರದಾರೇನ್ರಿ?"

"ಬರದಾರ."

ಅವನು ತಿರುಗಿ ಒಪ್ಪಿಸಿದ. "ಇಷ್ಟ ಹೌದಲ್ರಿ?" ಎಂದ. ನಾನು ಹೌದು ಎಂದೆ. ಸ್ವಲ್ಪ ಹೊತ್ತಿಗೆ ಅಗಸೆಯ ಕಡೆಯಿಂದ ಅವನ ದನಿ ಕೇಳಿಸಿತು. ಸಣ್ಣ ಪಾಕೀಟಿನ ಬೀಜ ಆಶ್ರಯದವರಿಗೆ ತಪ್ಪದೆ ಮುಟ್ಟಿಸಬೇಕು, ಸರಕಾರದ ಹುಕುಂ.

ಊರು ಮಾತು ನಡೆಸಿತು. ಕೊಡಲು ಯಾರಿಗೆ ಕಷ್ಟ? ತಮಗೆ ಬೇಡವಾದದ್ದನ್ನು ದಾನ ಮಾಡಿ ಪುಣ್ಯ ಕಟ್ಟಿಕೊಳ್ಳುವುದರಲ್ಲಿ ನಮ್ಮ ರೈತರು ಹಿಂದೆ ಬಿದ್ದವರಲ್ಲ. ಆಶ್ರಯ ಕಾಲನಿಯ ಹುಸೇನಬೀ ಮನೆಮನೆಗೆ ಬಂದು ಪಾಕೀಟುಗಳನ್ನು ಸೆರಗಿಗೆ ಹಾಕಿಸಿಕೊಂಡು ಹೋಗಿ ಎಲ್ಲರಿಗೂ ಹಂಚುತ್ತಿದ್ದಳು. ಗಂಡ ಇಲ್ಲದ ಹೆಂಗಸು, ಜೋರು ಬಾಯಿ, ಸ್ವಚ್ಛ ಮನಸ್ಸು. ಕಾಲನಿಯವರು ಮನೆಗಳ ಹಿಂದಿನ ಗಾಯರಾಣದ ತುಂಡುಗಳಲ್ಲಿ ಆ ಬೀಜ ಹಾಕಿದರು. "ಚಂದ್ರಾಮಣ್ಣಾ, ಅಲ್ಲಾ ನಿನ್ನ ಬಾಯಿ ತಣ್ಣಗಿಡ್ಲಿ" ಎಂದು ಹರಸಿದಳು. ಮುಂದಿನ ವರ್ಷ ಕಾಗದ ಬರಲಿಲ್ಲ. ಆದರೂ ಹಿಂದಿನ ವರ್ಷದ ಹುಕುಂ ಎಂದು ಅದನ್ನೇ ಸಾರಿದೆವು. ಹೀಗೆ ಹನ್ನೊಂದು ವರ್ಷ. ಆ ಬೀಜಕ್ಕೆ ಆಶ್ರಯ ಬೀಜ ಎಂದೇ ಹೆಸರಾಯಿತು.

ದೊಡ್ಡ ಹೊಲಗಳಲ್ಲಿ ಹತ್ತಿ ಬಂತು, ಇಲ್ಲವೆನ್ನಬಾರದು. ಕಾಲನಿಯ ತುಂಡುಗಳಲ್ಲಿ ಮಾತ್ರ ಮೊದಲಿನ ವರ್ಷದಿಂದಲೇ ಹುಳ. ಬಡವರ ಬೀಜ, ಹಾಗೇ ಇರುತ್ತದೆ ಎಂದು ಕಾಲನಿಯವರು ಸುಮ್ಮನಾದರು. ಹುಸೇನಬೀ ಒಬ್ಬಳೇ ಚಂದ್ರಾಮಪ್ಪನನ್ನು ಕೇಳಿದ್ದಳು. ಅವನು ಬಂದು ನನ್ನನ್ನು ಕೇಳಿದ್ದ. ಎಣ್ಣೆ ಹೊಡೆಯಲು ಹೇಳು ಎಂದು ಕಳಿಸಿದ್ದೆ.

ಎರಡು ಸಾವಿರದ ಹದಿನೈದನೇ ಇಸವಿಯಲ್ಲಿ ದೊಡ್ಡ ಹೊಲಗಳಿಗೂ ಹುಳ ಬಂತು. ಕಾಯಿ ಹೊರಗಿನಿಂದ ದುಂಡಗೆ, ಹಸಿರಾಗಿ ಕಾಣುತ್ತಿತ್ತು. ಒಡೆದರೆ ಒಳಗೆ ಅಕ್ಕಿಕಾಳಿನಷ್ಟು ಗುಲಾಬಿ ಹುಳ, ಸುತ್ತ ಕಪ್ಪು ಹಿಡಿದ ಹತ್ತಿ. ಈ ಬೀಜಕ್ಕೆ ಹುಳ ಬೀಳುವುದಿಲ್ಲ ಎಂದು ಹೇಳಿದ ಜೀಪು ಆ ವರ್ಷ ಬರಲಿಲ್ಲ. ಶಹಾಪುರ, ಸುರಪುರ, ಯಾದಗಿರಿ, ಎಲ್ಲ ಕಡೆ ಇದೇ ಮಾತು. ಬೀಜ ಸೋತಿದೆ ಎಂದು ಸರಕಾರ ಕಾಗದದಲ್ಲಿ ಬರೆಯಬೇಕು ಎಂದು ರೈತರು ಕೂಗಿದರು. ಕೊನೆಗೆ ಮೇಲಿನಿಂದ ಒಂದು ತಂಡ ಬಂತು, ಶಹಾಪುರದ ಕಲ್ಯಾಣಮಂಟಪದಲ್ಲಿ ರೈತರ ಜೊತೆ ಸಭೆ. ಎಲ್ಲರೂ ಬರಬೇಕು ಎಂದು ನಮ್ಮೂರಲ್ಲಿ ಸಾರಿದವನು ಚಂದ್ರಾಮಪ್ಪನೇ. ಎಲ್ಲರೂ ಎಂದರೆ ತಾನೂ ಎಂದು ತಿಳಿದು ಅವನೂ ನಮ್ಮ ಜೊತೆ ಟಂಟಂ ಆಟೋ ಹತ್ತಿದ.

ಮಂಟಪದ ಹೊರಗೆ ರಾಯಚೂರು ಕಡೆಯಿಂದ ಬಂದ ಏಳೆಂಟು ಜನ ಬೋರ್ಡು ಹಿಡಿದು, ಈ ಬೀಜ ಬೇಡ ಎಂದು ಕೂಗುತ್ತಿದ್ದರು. ಪೊಲೀಸರು ಅವರನ್ನು ವ್ಯಾನಿಗೆ ಹತ್ತಿಸಿದರು. ಒಳಗೆ ತಂಡದ ಮುಖ್ಯಸ್ಥರು ಮಾತು ಶುರು ಮಾಡಿದ್ದೇ ಅವರಿಂದ. "ಹೊರಗಡೆ ಕೂಗ್ತಿದ್ರಲ್ಲ, ಅಂಥವರ ಮಾತು ಕೇಳಬೇಡಿ. ವಿಜ್ಞಾನ ಓದಿದವರಲ್ಲ ಅವರು. ಯಾರದೋ ದುಡ್ಡು ತಿಂದು ಅಪಪ್ರಚಾರ ಮಾಡ್ತಾರೆ. ಇದು ಸರ್ಕಾರ ಒಪ್ಪಿರೋ ಬೀಜ" ಎಂದರು. ಬೆಂಗಳೂರು ಕಡೆಯ ಮಾತು, ಮೆತ್ತಗಿತ್ತು.

ಆಮೇಲೆ ಕನ್ನಡಕದ ಹುಡುಗನೊಬ್ಬ ಎದ್ದು ಸಣ್ಣ ಪಾಕೀಟಿನ ಬಗ್ಗೆ ಹೇಳಿದ. ಅದು ಹಳೆಯ ನಮೂನೆಯ ಹತ್ತಿ ಬೀಜವಂತೆ. ದೊಡ್ಡ ಪಾಕೀಟಿನ ಬೆಳೆಯ ಸುತ್ತ ನಾಲ್ಕೂ ಕಡೆ ಅದನ್ನು ಹಾಕಬೇಕಂತೆ. ಕೆಲವು ಹುಳ ಅಲ್ಲಿ ವಿಷ ಸೋಕದೆ ಬದುಕಿ, ವಿಷ ತಡೆದುಕೊಂಡ ಹುಳಗಳ ಜೊತೆ ಕೂಡಬೇಕಂತೆ, ಇಲ್ಲದಿದ್ದರೆ ಹುಳದ ಜಾತಿಯೇ ಆ ವಿಷಕ್ಕೆ ಒಗ್ಗಿಹೋಗುತ್ತದಂತೆ. ಅದಕ್ಕೇ ಅದನ್ನು ಆಶ್ರಯ ಬೆಳೆ ಎನ್ನುತ್ತಾರೆ ಎಂದ.

ನಾನು ಹಿಂತಿರುಗಿ ನೋಡಿದೆ. ಹಿಂದಿನ ಸಾಲಿನಲ್ಲಿ ಚಂದ್ರಾಮಪ್ಪ ಎದ್ದು ನಿಂತಿದ್ದ.

"ಹುಳಕ್ಕ ಆಶ್ರಯ ಏನ್ರಿ ಸಾಹೇಬ್ರ?" ಎಂದ. ಡಂಗುರದ ಗಂಟಲು, ಮೈಕು ಬೇಕಿರಲಿಲ್ಲ. "ನಾ ಮನಷ್ಯಾರಿಗಿ ಅಂತ ತಿಳದು ಹನ್ನೊಂದು ವರ್ಷ ಸಾರೀನ್ರಿ. ನಮ್ಮೂರಾಗ ಆಶ್ರಯ ಕಾಲನಿ ಅದ. ಆ ಬೀಜ ಎಲ್ಲಾ ಅವ್ರಿಗಿ ಕೊಡಿಸೀನಿ."

ಇಡೀ ಮಂಟಪ ನಕ್ಕಿತು. ನಮ್ಮೂರವರೂ ನಕ್ಕರು. ನಾನೂ ಹಲ್ಲು ಬಿಟ್ಟೆ, ಉಳಿದವರು ಬಿಟ್ಟಿದ್ದಾರೆ ಎಂದು.

ಅವನು ಕೂಡಲಿಲ್ಲ. "ನಗಬ್ಯಾಡ್ರಿ. ಕಾಗದ ಕಳಿಸಿದವ್ರು ನೀವು. ಆಶ್ರಯ ಅಂತ ಒಂದು ಮಾತು ಬರದು ಕಳಿಸೀರಿ. ಹುಳಕ್ಕಂತ ಯಾಕ ಬರೀಲಿಲ್ಲ? ಹನ್ನೊಂದು ವರ್ಷದಾಗ ಒಬ್ಬ ಸಾಹೇಬ ಬಂದು ಆ ಪಾಕೀಟ ಎಲ್ಲಿಗಿ ಹೋಯ್ತಂತ ಕೇಳ್ಲಿಲ್ಲ ಯಾಕ? ಆ ಬಡವ್ರು ಹುಳದ ಬೆಳಿ ಬೆಳದು ಸತ್ರು. ಈಗ ಎಲ್ಲಾರ ಹೊಲಕ್ಕೂ ಹುಳ ಬಿದ್ದದ. ಇದನ್ನ ಬರಕೋರಿ ಮತ್ತ."

ನಗು ನಿಂತಿತು. ಯಾರೋ ಚಪ್ಪಾಳೆ ಹೊಡೆದರು. ಮುಖ್ಯಸ್ಥರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. "ನಿಮಗೆ ಎಷ್ಟು ಎಕರೆ ಜಮೀನಿದೆ?" ಎಂದು ಕೇಳಿದರು.

"ಜಮೀನಿಲ್ರಿ."

"ಜಮೀನಿಲ್ಲ. ಹತ್ತಿ ಬೆಳೆದಿಲ್ಲ. ಯಾವ ಸಂಘಟನೆಯವರು ನೀವು? ಹೊರಗಿದ್ದರಲ್ಲ, ಅವರ ಜೊತೆಗೆ ಬಂದ್ರಾ?"

"ಟಂಟಮ್‌ದಾಗ ಬಂದೀನ್ರಿ" ಎಂದ ಚಂದ್ರಾಮಪ್ಪ.

"ಸಣ್ಣ ಪೊಟ್ಟಣದ ವಿಷಯ ತಪ್ಪಾಗಿ ಸಾರಿದ್ದು ನೀವೇ ಅಂತ ಒಪ್ತೀರಾ?"

ಅವನು ಒಮ್ಮೆ ನನ್ನ ಕಡೆ ನೋಡಿದ. ಆ ನೋಟದಲ್ಲಿ ಬೈಗುಳ ಇರಲಿಲ್ಲ, ಬರೀ ನೋಡಿದ. ಅದೊಂದು ಗಳಿಗೆ ನಾನು ಎದ್ದು, ಓದಿದವನು ನಾನು ಸಾಹೇಬರೇ ಎಂದಿದ್ದರೆ ಈ ಕತೆ ಬೇರೆ ಆಗುತ್ತಿತ್ತು. ನಾನು ನನ್ನ ಚಪ್ಪಲಿ ನೋಡುತ್ತ ಕೂತೆ.

"ಸಾರಿದಾಂವ ನಾನ ರೀ" ಎಂದ ಅವನು. ಮುಖ್ಯಸ್ಥರು ಅದನ್ನು ಬರೆದುಕೊಂಡರು. ಅವನು ಬರೆದುಕೊಳ್ಳಿ ಎಂದು ಹೇಳಿದ್ದರಲ್ಲಿ ಬರೆದುಕೊಂಡದ್ದು ಅದೊಂದೇ.

ವಾರದಲ್ಲಿ ಇಬ್ಬರು ಪೊಲೀಸರು ಅವನ ಮನೆಗೆ ಬಂದರು. ಇವನ ಹಿಂದೆ ಯಾರಿದ್ದಾರೆ, ಯಾರು ಹೇಳಿಕೊಟ್ಟರು ಎಂದು ವಿಚಾರಣೆ. ಅವನ ಹೆಂಡತಿ ಲಾಲಮ್ಮ ಅವರಿಗೆ ನೀರು ಕೊಟ್ಟು, "ಹಿಂದ ಯಾರಿದ್ದಾರ ಅಂತ ನೋಡ್ರಿ ಯಪ್ಪಾ, ಹಿಂದ ಗ್ವಾಡಿ ಅದ, ಅದೂ ಬೀಳಾಕತ್ತದ" ಎಂದಳಂತೆ. ಊರು ಇದನ್ನು ಹೇಳಿಕೊಂಡು ನಕ್ಕಿತು. ಆದರೆ ಪೊಲೀಸರು ಬಂದುಹೋದ ಮನೆಯ ಕಟ್ಟೆಗೆ ಜನ ಕೂಡುವುದು ಕಡಿಮೆಯಾಯಿತು.

ಪೊಲೀಸರ ಬಗ್ಗೆ ಅವನಿಗೆ ಚಿಂತೆ ಇರಲಿಲ್ಲ. ಅವನಿಗೆ ಹತ್ತಿದ ಚಿಂತೆ ಒಂದೇ. ತಾನು ಸುಳ್ಳು ಸಾರಿದವ ಎಂದು ಊರು ಅನ್ನಬಾರದು. ಹೊಲ ಇಲ್ಲ, ಅಕ್ಷರ ಇಲ್ಲ, ಜಾತಿಯ ಬಲ ಇಲ್ಲ. ಚಂದ್ರಾಮ ಸಾರಿದರೆ ಖರೇ ಇರುತ್ತದೆ ಎನ್ನುವುದೊಂದೇ ಅವನು ಇಷ್ಟು ವರ್ಷದಲ್ಲಿ ಗಳಿಸಿದ್ದು. ಪಂಚಾಯತಿಗೆ ಬಂದು ನೆಲದ ಮೇಲೆ ಕೂತ.

"ಸಂಗಣ್ಣೋರ, ಆ ಕಾಗದ ಹುಡುಕಿ ಕೊಡ್ರಿ. ಸಾಹೇಬ್ರಿಗಿ ತೋರಸ್ತೀನಿ. ಆಶ್ರಯದ ಬಡವ್ರಿಗಿ ಅಂತ ಅವ್ರ ಕೈಲೇ ಬರದದ್ದು ನೋಡ್ಲಿ. ನಾ ಸೇರಿಸಿಲ್ಲಂತ ತಿಳೀಲಿ."

ಅವನ ಪಾಲಿಗೆ ಕಾಗದದಲ್ಲಿ ಬಡವರ ಮಾತೂ ಇತ್ತು, ನಾನು ಬರೆದಿದ್ದಾರೆ ಎಂದಿದ್ದೆನಲ್ಲ! ಕಾಗದ ಹೊರಗೆ ಬಂದರೆ ಎರಡು ಸಂಗತಿ ಬಯಲಾಗುತ್ತಿದ್ದವು. ಸರಕಾರ ಹುಳದ ಮಾತು ಬರೆದಿರಲಿಲ್ಲ, ಬಡವರ ಮಾತನ್ನೂ ಬರೆದಿರಲಿಲ್ಲ. ಬಡವರ ಮಾತು ನನ್ನದು.

ಬಸ್ತಾದಲ್ಲಿ ಕಟ್ಟಿಟ್ಟ ಹಳೆಯ ಕಾಗದಗಳಲ್ಲಿ ಅದು ಅದೇ ಸಂಜೆ ಸಿಕ್ಕಿತು. ತೆಗೆದುಕೊಂಡು ಹೋಗಿ ನಮ್ಮ ಪಿಡಿಓ ಸಾಹೇಬರಿಗೆ ತೋರಿಸಿದೆ. ಅವರು ಓದಿ, ಮಡಚಿ, ನನ್ನ ಕೈಗೇ ಕೊಟ್ಟರು. "ಸಂಗಣ್ಣ, ನಿನ್ನ ಖಾಯಂ ಆದೇಶ ಯಾದಗಿರಿಯಲ್ಲಿ ಸಹಿಗೆ ಕೂತಿದೆ. ಎಷ್ಟು ವರ್ಷ ಆಯ್ತು ಕಾದು?" ಎಂದರು. ಇಪ್ಪತ್ತೊಂದು ವರ್ಷ ಎಂದೆ. "ಮೇಲಿನ ಆಫೀಸಿನ ತಪ್ಪು ಎತ್ತಿ ತೋರಿಸಿದ ಪಂಚಾಯತಿ ಅಂತ ಹೆಸರು ಬರೋದು ಬೇಡ. ಮತ್ತೊಮ್ಮೆ ಹುಡುಕು, ಸಿಗಲಿಕ್ಕಿಲ್ಲ" ಎಂದರು. ಸುಡು ಎನ್ನಲಿಲ್ಲ, ಹರಿ ಎನ್ನಲಿಲ್ಲ. ನಮ್ಮ ಸರಕಾರ ಹೀಗೇ ಮಾತಾಡುತ್ತದೆ.

ಮರುದಿನ ಚಂದ್ರಾಮಪ್ಪನಿಗೆ, "ಗೆದ್ದಲ ಹಿಡದದ, ಸಿಗಲಿಲ್ಲೋ" ಎಂದೆ. ಅವನು ಎರಡು ತಿಂಗಳು ದಿನಾ ಬಂದು ಕೇಳಿದ. ದಿನಾ ಅದೇ ಹೇಳಿದೆ. ಆ ಕಾಗದ ನನ್ನ ಮನೆಯ ಟ್ರಂಕಿನಲ್ಲಿತ್ತು.

ಬೇಸಿಗೆಗೆ ವರದಿ ಬಂತು. ಬೀಜದಲ್ಲಿ ಯಾವುದೇ ದೋಷ ಕಂಡುಬಂದಿಲ್ಲ. ನಮ್ಮೂರಿನ ಮಟ್ಟಿಗೆ, ಹೊಸ ಬೀಜದ ವಿರುದ್ಧ ಅಪಪ್ರಚಾರ ಮಾಡುವ ಮನೋಭಾವದ ಡಂಗುರದವನೊಬ್ಬ ಹಬ್ಬಿಸಿದ ತಪ್ಪು ಮಾಹಿತಿಯಿಂದ ರೈತರು ಆಶ್ರಯ ಬೆಳೆ ಹಾಕದೇ ಇದ್ದುದು ಹುಳುಬಾಧೆಗೆ ಕಾರಣ. ಮುಂದೆ ಇಂಥವರ ಮಾತಿಗೆ ರೈತರು ಕಿವಿಗೊಡಬಾರದು. ಈ ಸಂಗತಿಯನ್ನು ಡಂಗುರದ ಮೂಲಕ ಪ್ರಚಾರ ಪಡಿಸುವುದು.

ಓದಿ ನನಗೆ ಮೈ ಉರಿಯಿತು. ಸುರಪುರದ ಹತ್ತಿ ತಿಂದ ಹುಳ, ಕೊಡೇಕಲ್ ಕಡೆಯ ಹತ್ತಿ ತಿಂದ ಹುಳ, ಸೈದಾಪುರದ ಹತ್ತಿ ತಿಂದ ಹುಳ ನಮ್ಮ ಚಂದ್ರಾಮಪ್ಪನ ಡಂಗುರ ಕೇಳಿಕೊಂಡು ತಿಂದವೇನು? ಅವನ ದನಿ ಗಾಯರಾಣ ದಾಟಿ ಹೋದದ್ದಿಲ್ಲ. ಕೂಗಿದವರನ್ನು ವ್ಯಾನಿಗೆ ಹತ್ತಿಸಿ, ಕೇಳಿದವನ ತಲೆಗೆ ಎಲ್ಲ ಕಟ್ಟಿ, ಬೀಜವನ್ನು ಮಾತ್ರ ತೊಳೆದ ಮುತ್ತು ಮಾಡಿ ಇಟ್ಟರು. ಹೀಗೆಲ್ಲ ಮನಸ್ಸಿನಲ್ಲಿ ಬೈದೆ. ಬಾಯಿ ಬಿಡಲಿಲ್ಲ. ಅದರ ಹಿಂದಿನ ವಾರವಷ್ಟೇ ನನ್ನ ಖಾಯಂ ಆದೇಶ ಬಂದಿತ್ತು.

ಹೊಸ ಕಾಗದ ಬಂದಿದೆ ಎಂದು ತಿಳಿದು ಚಂದ್ರಾಮಪ್ಪ ಬಂದ. ಯಾವಾಗಿನಂತೆ ಗೋಡೆಗೆ ಒರಗಿ ಕೂತ. ಓದಲೇ ಬೇಕಿತ್ತು, ಓದಿದೆ. ಈ ಸಲ ಒಂದು ಅಕ್ಷರ ತಪ್ಪಲಿಲ್ಲ. ಎರಡನೇ ಸಲ ಓದುವಾಗ ಅವನು ಕಣ್ಣು ಮುಚ್ಚಿದ. ತುಟಿ ಅಲ್ಲಾಡಿದವು.

"ನನ್ನ ಹೆಸರು ಬರದಾರೇನ್ರಿ?"

"ಇಲ್ಲೋ. ಡಂಗುರದಾಂವ ಅಂತ ಬರದಾರ."

"ಊರಾಗ ಡಂಗುರದಾಂವ ನಾ ಒಬ್ಬನ ಅಲ್ರಿ?"

"ಚಂದ್ರಾಮ, ಇದನ್ನ ಸಾರಬ್ಯಾಡ" ಎಂದೆ. "ಸಾರ್ಯಾನ ಅಂತ ನಾ ಬರಕೋತೀನಿ. ಯಾರೂ ಕೇಳಂಗಿಲ್ಲ."

"ಸಾರದೇನ ಸಾರೀನಿ ಅಂತ ಹ್ಯಾಂಗ ಬರಸ್ಲಿ? ಅದು ಸುಳ್ಳಾಗ್ತದಲ್ರಿ" ಎಂದ. ಆಮೇಲೆ ಇಡೀ ಮಾತನ್ನು ತಿರುಗಿ ಒಪ್ಪಿಸಿದ. ಮಾತು ಒಂದೂ ಬಿಡಲಿಲ್ಲ. "ಇಷ್ಟ ಹೌದಲ್ರಿ?" ಎಂದು ಕೇಳಿದ. ನಾನು ಹೌದು ಎಂದೆ.

ಅವನ ಹಿಂದೆ ಹಿಂದೆ ನಾನೂ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ಅಗಸೆಯಲ್ಲಿ ಹಲಗೆ ಬಡಿದು ಸಾರಿದ. ಕಟ್ಟೆಯ ಮೇಲಿದ್ದವರು ಎಲೆ ಅಡಿಕೆ ಜಗಿಯುವುದು ನಿಲ್ಲಿಸಿ ಕೇಳಿದರು. ಒಬ್ಬನಾದರೂ, ಅಲ್ಲೋ ಚಂದ್ರಾಮ, ಇದು ಖರೇ ಅಲ್ಲ ಎನ್ನುತ್ತಾನೆ ಎಂದು ಕಾದೆ. ಯಾರೂ ಅನ್ನಲಿಲ್ಲ. ಅವನು ಸಾರಿದ್ದನ್ನು ನಂಬುವುದು ಅವರಿಗೆ ಅಭ್ಯಾಸವಾಗಿತ್ತು. ಕಟ್ಟೆಯಲ್ಲಿ ಸಾರಿದ, ಮಸೀದಿಯ ಮುಂದೆ ಸಾರಿದ. ತನ್ನ ಕೇರಿಯಲ್ಲಿ ಸಾರುವಾಗ ಹುಡುಗರು ತಲೆ ತಗ್ಗಿಸಿ ಒಳಗೆ ಹೋದರು. ಲಾಲಮ್ಮ ಬಾಗಿಲಲ್ಲಿ ನಿಂತು ಪೂರಾ ಕೇಳಿದಳು. ಆ ಸುಗ್ಗಿಯಿಂದ ಅವರ ಮನೆಗೆ ಊರಿನ ಜೋಳ ಹೋಗಲಿಲ್ಲ, ಮುಂದೆಂದೂ ಹೋಗಲಿಲ್ಲ. ನಮ್ಮ ಮನೆಯಿಂದಲೂ ಹೋಗಲಿಲ್ಲ, ಕೊಟ್ಟರೆ ಇವನೇಕೆ ಕೊಟ್ಟ ಎಂದು ಕೇಳುವವರಿದ್ದರು.

ಕೊನೆಗೆ ಆಶ್ರಯ ಕಾಲನಿಗೆ ಬಂದ. ಹಲಗೆಯ ಸದ್ದಿಗೆ ಹೆಂಗಸರು ಹೊರಗೆ ಬಂದರು. ಅವನು ಸಾರಿ, ಸರಕಾರದ ಹುಕುಂ ಅದರೆಪ್ಪೋ ಎಂದು ಮುಗಿಸಿದ. ಹುಸೇನಬೀ ಕೈಯಲ್ಲಿದ್ದ ಕೊಡ ಕೆಳಗಿಟ್ಟು ಅವನ ಹತ್ತಿರ ಬಂದಳು.

"ಏನ ಸಾರಿದಿ ಅಣ್ಣಾ? ನಿನ್ನ ತಪ್ಪೇನು ಇದು ಎಲ್ಲಾ?"

"ಹೌದಂತವಾ."

"ಯಾರಂದ್ರು? ನಿನಗ ಯಾರಂದ್ರು ಹಿಂಗ?"

"ಕಾಗದ ಬಂದದ. ಸಂಗಣ್ಣೋರು ಓದ್ಯಾರ" ಎಂದ ಚಂದ್ರಾಮಪ್ಪ. "ಎರಡ ಸಲ ಓದ್ಯಾರ. ಅವ್ರು ಓದಿದ್ದು ಖರೇನ ಇರ್ತದವಾ."

ಹುಸೇನಬೀ ನನ್ನ ಕಡೆ ತಿರುಗಿ ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ.